ಕುದ್ಮುಲ್ ರಂಗರಾಯರ ಸ್ವಾರ್ಥತ್ಯಾಗ

ತಮ್ಮನ್ನು ತಾವೇ ಕೊಟ್ಟುಬಿಡುವ ಸ್ವಭಾವವು ಕೆಲವರಲ್ಲಿ ಹುಟ್ಟಿನಿಂದಲೇ ಬಂದಂತೆ ತೋರುವದು. ಆದರೆ ಎಲ್ಲಾ ತ್ಯಾಗವು ಒಂದೇ ಬೇರಿನಿಂದ ಚಿಗುರುವದಿಲ್ಲ. ಹೊಗಳಿಕೆಯ ಆಶೆಯಿಂದ ಕೊಡುವವರುಂಟು. ಇಲ್ಲವೆನ್ನಲು ಅಂಜಿ ಕೊಟ್ಟು, ಒಳಗೊಳಗೇ ಗುಣುಗುಟ್ಟುವವರೂ ಉಂಟು. ನೆರೆಯವನು ತನ್ನ ಕಾಲ ಮೇಲೆ ನಿಲ್ಲಲಿ ಎಂದು ಕೊಡುವವರು ಕೊಂಚವೇ. ಉಡುಪಿ, ಕಾಪು, ಕಾರ್ಕಳ ಸೀಮೆಗಳ ನಮ್ಮ ಸಭೆಯವರು ಈ ಭೇದವನ್ನು ಅರಿಯುವಂತೆ ಕುದ್ಮುಲ್ ರಂಗರಾಯರ ಚರಿತ್ರೆಯನ್ನು ಇಲ್ಲಿ ಹೇಳುವೆವು.

ರಂಗರಾಯರು 1859ನೇ ಜೂನ್ 29ರಂದು ಕಾಸರಗೋಡು ಸೀಮೆಯ ಕುದ್ಮುಲಿನಲ್ಲಿ, ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದರು. ಆ ಕಾಲದಲ್ಲಿ ಕಾಸರಗೋಡೂ ಉಡುಪಿಯೂ ಒಂದೇ ಜಿಲ್ಲೆಗೆ ಸೇರಿದ್ದವು. ಮಂಗಳೂರಿಗೆ ಬಂದು ಮೊದಲು ಉಪಾಧ್ಯಾಯರಾಗಿಯೂ ತರುವಾಯ ವಕೀಲರಾಗಿಯೂ ಜೀವನ ಮಾಡಿ, ಬ್ರಹ್ಮಸಮಾಜವನ್ನು ಸೇರಿದರು. ಅಸ್ಪೃಶ್ಯರೆಂದು ದಾರಿಯಿಂದಲೂ ಬಾವಿಯಿಂದಲೂ ದೂರವಿಡಲ್ಪಟ್ಟವರ ದುಃಖವು ಅವರ ಮನಸ್ಸನ್ನು ಬಿಡಲಿಲ್ಲ. 1892ರಲ್ಲಿ ಅಂಥವರ ಮಕ್ಕಳಿಗಾಗಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ಶಾಲೆಯನ್ನು ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಸ್ವಜಾತಿಯವರು ಅವರನ್ನು ಬಹಿಷ್ಕರಿಸಿದರೂ ಅವರು ಕೈಕೊಂಡ ಕೆಲಸವನ್ನು ಬಿಡಲಿಲ್ಲ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಹೊಗಳಿಕೆಗಾಗಿ ಕೊಡುವವನಿಗೆ ಬಡವನು ಯಾವಾಗಲೂ ಬಡವನಾಗಿಯೇ ಇರಬೇಕು. ಇಲ್ಲವಾದರೆ ಅವನ ಧರ್ಮಕ್ಕೆ ಪಾತ್ರನು ಸಿಕ್ಕಲಾರನು. ರಂಗರಾಯರಾದರೋ ಅಕ್ಷರದೊಂದಿಗೆ ನೇಯ್ಗೆ, ಮರಗೆಲಸ ಮುಂತಾದ ಕಸುಬುಗಳನ್ನು ಕಲಿಸುವ ಏರ್ಪಾಡು ಮಾಡಿದರು. ನೆಲೆಯಿಲ್ಲದವರಿಗೆ ಮನೆಕಟ್ಟುವ ಸ್ಥಳವನ್ನು ದೊರಕಿಸಲು ಶ್ರಮಪಟ್ಟರು. ನಾಳೆ ತಮ್ಮ ಹಂಗು ಇವರಿಗೆ ಬೇಡವಾಗಲಿ ಎಂಬದೇ ಈ ಕೆಲಸಗಳ ಗುರಿಯಾಗಿತ್ತು. ಅವರ ಸುಧಾರಣೆಯು ಪರರ ಮನೆಗೆ ಮಾತ್ರ ಮೀಸಲಾಗಿರಲಿಲ್ಲ. ಮಗಳಾದ ರಾಧಾಬಾಯಿಯವರ ವಿವಾಹವು ತಮಿಳು ಸೀಮೆಯ ಅನ್ಯಜಾತಿಯವರಾದ ಪಿ. ಸುಬ್ಬರಾಯನ್ ಅವರೊಂದಿಗೆ ನಡೆಯಿತು.

1927ರಲ್ಲಿ ರಂಗರಾಯರು ಸನ್ಯಾಸವನ್ನು ಸ್ವೀಕರಿಸಿ ಈಶ್ವರಾನಂದರೆಂಬ ಹೆಸರನ್ನು ಹೊಂದಿ, 1928ನೇ ಜನವರಿ 30ರಂದು ತೀರಿಕೊಂಡರು. ಆಗ ಅವರ ಅಳಿಯನು ಮದ್ರಾಸ್ ಪ್ರಾಂತದ ಮುಖ್ಯಮಂತ್ರಿಯಾಗಿದ್ದರು. ಹೀಗಿದ್ದರೂ ತಮ್ಮ ಶವವನ್ನು ತೋಟಿ ಕೆಲಸದವರೇ ಹೊತ್ತು ಅಂತ್ಯಕ್ರಿಯೆ ನಡಿಸಬೇಕೆಂಬದೇ ಅವರ ಕಡೇ ಇಷ್ಟವಾಗಿತ್ತು. ಕೊಡುವದು ಗರ್ವಿಷ್ಠನಿಗೂ ಸಾಧ್ಯ. ತಾನು ಯಾರಿಗೆ ಕೊಟ್ಟನೋ ಅವರ ಕೈಯಿಂದಲೇ ತೆಗೆದುಕೊಳ್ಳುವದು ದೀನನಿಗೆ ಮಾತ್ರ ಸಾಧ್ಯ. ಕರ್ತನು ಕಾಲು ತೊಳೆಯಬಂದಾಗ ಪೇತ್ರನು ಮೊದಲು ಬೇಡವೆಂದದ್ದನ್ನು ಇಲ್ಲಿ ನೆನಸಿರಿ. ಸೇವೆಯನ್ನು ಹೊಂದುವದಕ್ಕೂ ನಮ್ರತೆಯು ಬೇಕು.

ರಂಗರಾಯರು ನಮ್ಮ ಸಭೆಯವರಲ್ಲವಲ್ಲಾ ಎಂದು ಯಾರಾದರೂ ಕೇಳಬಹುದು. ಗಾಯಪಟ್ಟು ದಾರಿಯಲ್ಲಿ ಬಿದ್ದವನಿಗೆ ನೆರೆಯವನಾದವನು ಯಾಜಕನಲ್ಲ, ಲೇವಿಯನೂ ಅಲ್ಲ, ಹೊರಗಿನವನಾದ ಸಮಾರ್ಯದವನೇ ಎಂದು ನಮ್ಮ ಕರ್ತನು ಕಲಿಸಿದ್ದಾನೆ. ನಮ್ಮ ಪೂರ್ವಿಕರಲ್ಲಿ ಎಷ್ಟೋ ಮಂದಿ ಅಂಗಳದ ಹೊರಗೆ ನಿಂತವರೇ. ಈಗ ಒಳಗೆ ಕೂತಿರುವ ನಾವು ಮತ್ತೊಬ್ಬರನ್ನು ಜಗಲಿಯಲ್ಲಿ ನಿಲ್ಲಿಸುತ್ತೇವೋ? ಬೆಳೆ ಹಬ್ಬದಲ್ಲಿ ಬಡವನಿಗೆ ಅಕ್ಕಿ ಕೊಡುವದು ಒಳ್ಳೇದು. ಆದರೆ ಅದೇ ಅಕ್ಕಿಯ ಗಂಜಿಯನ್ನು ಅವನ ಮನೆಯಲ್ಲಿ, ಅವನ ಪಕ್ಕದಲ್ಲಿ ಕೂತು ಉಣ್ಣುವದಕ್ಕೆ ನಮಗೆ ಮನಸ್ಸುಂಟೋ? ಪ್ರತಿಯೊಬ್ಬರೂ ಇದನ್ನು ದೇವರ ಮುಂದೆ ತಮ್ಮೊಳಗೆ ಶೋಧಿಸಿಕೊಳ್ಳೋಣ.