ಪಂಪಿನ ಹಿಡಿಕೆ ತೆಗೆಸಿದ ವೈದ್ಯ: ಡಾ. ಜಾನ್ ಸ್ನೋ

ಮಹಾನಗರಗಳಲ್ಲಿ ನೆಲೆಸಿರುವ ನಾವು ನಲ್ಲಿ ತಿರುಗಿಸಿದೊಡನೆ ಬರುವ ನೀರನ್ನು ನಂಬಿ ಬದುಕುತ್ತೇವೆ. ಒಂದು ಬಡಾವಣೆಯಲ್ಲಿ ಹತ್ತಾರು ಮಂದಿಗೆ ವಾಂತಿಭೇದಿ ಕಾಣಿಸಿಕೊಂಡರೆ ಆರೋಗ್ಯ ಇಲಾಖೆಯವರು ಮೊದಲು ನೀರಿನ ಮಾದರಿ ಸಂಗ್ರಹಿಸುತ್ತಾರೆ. ಈ ಕ್ರಮಕ್ಕೆ ಭದ್ರವಾದ ಅಡಿಪಾಯ ಹಾಕಿದವರಲ್ಲಿ ಅಗ್ರಗಣ್ಯರಾದ ಡಾ. ಜಾನ್ ಸ್ನೋ ಅವರನ್ನು ಇಲ್ಲಿ ಸ್ಮರಿಸಿಕೊಳ್ಳೋಣ.

1813ರ ಮಾರ್ಚ್ 15ರಂದು ಇಂಗ್ಲೆಂಡಿನ ಯಾರ್ಕ್ ನಗರದ ಕೂಲಿ ಕಾರ್ಮಿಕರೊಬ್ಬರ ಮನೆಯಲ್ಲಿ ಸ್ನೋ ಜನಿಸಿದರು. ಒಂಬತ್ತು ಮಕ್ಕಳಲ್ಲಿ ಇವರೇ ಹಿರಿಯರು. ಹದಿನಾಲ್ಕನೆಯ ವಯಸ್ಸಿಗೇ ನ್ಯೂಕಾಸಲ್‌ನ ವೈದ್ಯರೊಬ್ಬರ ಬಳಿ ಶಿಷ್ಯವೃತ್ತಿಗೆ ಸೇರಿದರು. ಅಲ್ಲಿನ ಕಲ್ಲಿದ್ದಲ ಗಣಿಯ ಕಾರ್ಮಿಕರ ನಡುವೆ ಕಾಲರಾ ಹಬ್ಬಿದಾಗ ಶುಶ್ರೂಷೆಗೆ ಹೋದವರು ಈ ತರುಣರೇ. ಮುಂದೆ ಲಂಡನ್ನಿಗೆ ಬಂದು 1844ರಲ್ಲಿ ಎಂ.ಡಿ. ಪದವಿ ಪಡೆದರು. ಅರಿವಳಿಕೆ ಶಾಸ್ತ್ರದಲ್ಲಿ ಖ್ಯಾತರಾಗಿ, 1853ರಲ್ಲಿ ವಿಕ್ಟೋರಿಯಾ ರಾಣಿಯ ಹೆರಿಗೆಯ ವೇಳೆ ಕ್ಲೋರೋಫಾರಂ ನೀಡಿದರು.

ಕಾಲರಾ ದುರ್ಗಂಧಯುಕ್ತ ಗಾಳಿಯಿಂದ ಬರುತ್ತದೆಂಬುದು ಅಂದಿನ ಪಂಡಿತರ ದೃಢ ನಂಬಿಕೆ. ರೋಗವು ಮೊದಲು ಕರುಳನ್ನೇ ಬಾಧಿಸುವುದರಿಂದ ಅದು ಬಾಯಿಯ ಮೂಲಕ, ಅಂದರೆ ಮಲಿನ ನೀರಿನಿಂದ ದೇಹವನ್ನು ಸೇರುತ್ತದೆಂದು ಸ್ನೋ 1849ರಲ್ಲೇ ವಾದಿಸಿದರು. ಕೇಳುವವರು ಕಡಿಮೆ.

1854ರ ಆಗಸ್ಟ್ ಕೊನೆಯಲ್ಲಿ ಲಂಡನ್ನಿನ ಸೋಹೋ ಪ್ರದೇಶದ ಬ್ರಾಡ್ ಸ್ಟ್ರೀಟ್ ಸುತ್ತ ಕಾಲರಾ ಸ್ಫೋಟಿಸಿತು. ಹತ್ತು ದಿನಗಳಲ್ಲಿ ಸುಮಾರು 500 ಮಂದಿ ಅಸುನೀಗಿದರು. ಸ್ನೋ ಮರಣ ನೋಂದಣಿಯ ಪಟ್ಟಿ ಹಿಡಿದು ಮನೆಮನೆಗೆ ನಡೆದರು. ಪಟ್ಟಿಯಲ್ಲಿದ್ದ 83 ಸಾವುಗಳಲ್ಲಿ ಬಹುತೇಕ ಎಲ್ಲವೂ ಬ್ರಾಡ್ ಸ್ಟ್ರೀಟಿನ ಪಂಪಿನ ಸಮೀಪದವು. ಹತ್ತು ಮಾತ್ರ ಬೇರೆ ಪಂಪಿಗೆ ಹತ್ತಿರದ ಮನೆಗಳಲ್ಲಿ ಸಂಭವಿಸಿದ್ದವು. ಆ ಪೈಕಿ ಐದು ಮನೆಯವರೂ ಇದೇ ಪಂಪಿನ ನೀರು ತರಿಸುತ್ತಿದ್ದರು.

ಸಾಯದವರ ವಿಚಾರವೂ ಅಷ್ಟೇ ಮುಖ್ಯವಾಯಿತು. ಹತ್ತಿರದ ಬಡವರ ಆಶ್ರಯಾಲಯದಲ್ಲಿದ್ದ 535 ಮಂದಿಯಲ್ಲಿ ಸತ್ತವರು ಐವರು ಮಾತ್ರ. ಅಲ್ಲಿ ಸ್ವಂತ ಬಾವಿಯಿತ್ತು. ಬಿಯರ್ ಕಾರ್ಖಾನೆಯ ಎಪ್ಪತ್ತಕ್ಕೂ ಹೆಚ್ಚು ಕೆಲಸಗಾರರು ಆ ಪಂಪಿನತ್ತ ಹೋಗುತ್ತಲೇ ಇರಲಿಲ್ಲ. ಅವರಲ್ಲಿ ಯಾರೂ ಸಾಯಲಿಲ್ಲ. ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ವಿಧವೆಯೊಬ್ಬರು ತೀರಿಕೊಂಡಿದ್ದರು. ಆಕೆಗೆ ಈ ಪಂಪಿನ ನೀರಿನ ರುಚಿಯೇ ಇಷ್ಟವಾಗಿ, ದಿನವೂ ಗಾಡಿಯಲ್ಲಿ ತರಿಸುತ್ತಿದ್ದರಂತೆ.

ಸೆಪ್ಟೆಂಬರ್ 7ರ ಸಂಜೆ ಸ್ನೋ ಸ್ಥಳೀಯ ಆಡಳಿತ ಮಂಡಳಿಯ ಮುಂದೆ ಈ ಸಂಗತಿಗಳನ್ನಿಟ್ಟರು. ಮರುದಿನವೇ ಪಂಪಿನ ಹಿಡಿಕೆಯನ್ನು ತೆಗೆಯಲಾಯಿತು. ಜನ ಊರು ಬಿಟ್ಟು ಹೋಗಿದ್ದರಿಂದ ಅಷ್ಟರಲ್ಲೇ ರೋಗ ಇಳಿಮುಖವಾಗಿತ್ತೆಂಬುದನ್ನು ಸ್ನೋ ಸ್ವತಃ ಒಪ್ಪಿಕೊಂಡರು. ಅವರ ಪ್ರಾಮಾಣಿಕತೆ ಅಂಥದು.

ಅದೇ ವರ್ಷ ದಕ್ಷಿಣ ಲಂಡನ್ನಿನಲ್ಲಿ ಇನ್ನೂ ದೊಡ್ಡ ಶೋಧನೆ ನಡೆಸಿದರು. ಒಂದು ಕಂಪನಿ ಚರಂಡಿ ಸೇರುವಲ್ಲಿಯೇ ಥೇಮ್ಸ್ ನೀರನ್ನೆತ್ತುತ್ತಿತ್ತು; ಇನ್ನೊಂದು ನದಿಯ ಮೇಲ್ಭಾಗದಿಂದ. ಪ್ರತಿ 10,000 ಮನೆಗಳಿಗೆ ಮೊದಲನೆಯದರಲ್ಲಿ 315 ಸಾವು, ಎರಡನೆಯದರಲ್ಲಿ 37.

ಸ್ಥಳೀಯ ಪಾದ್ರಿ ಹೆನ್ರಿ ವೈಟ್‌ಹೆಡ್ ಮೊದಲು ಸ್ನೋ ಅವರನ್ನು ನಂಬಲಿಲ್ಲ. ಸುಳ್ಳೆಂದು ತೋರಿಸಲು ಹೊರಟು, ಸತ್ಯವನ್ನೇ ಕಂಡರು. ಪಂಪಿನ ಪಕ್ಕದ 40ನೇ ನಂಬರಿನ ಮನೆಯಲ್ಲಿ ಹಸುಗೂಸೊಂದು ಭೇದಿಯಿಂದ ತೀರಿಕೊಂಡಿತ್ತು. ಅದರ ಬಟ್ಟೆ ತೊಳೆದ ನೀರು ಸೇರಿದ್ದ ಮಲಗುಂಡಿಗೂ ಬಾವಿಗೂ ನಡುವಿನ ಅಂತರ ಮೂರಡಿಗಿಂತ ಕಡಿಮೆ, ಇಟ್ಟಿಗೆಗಳು ಶಿಥಿಲವಾಗಿದ್ದವು.

ಆದರೂ ಸರಕಾರದ ಆರೋಗ್ಯ ಮಂಡಳಿಯ ಸಮಿತಿ ಸ್ನೋ ಅವರ ವಾದವನ್ನು ತಳ್ಳಿಹಾಕಿತು. 1858ರ ಜೂನ್ 16ರಂದು, ಕೇವಲ 45ನೆಯ ವಯಸ್ಸಿನಲ್ಲಿ, ಪಾರ್ಶ್ವವಾಯುವಿನಿಂದ ಅವರು ನಿಧನರಾದರು. ಗೆಲುವನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ. 1884ರಲ್ಲಿ ರಾಬರ್ಟ್ ಕಾಖ್ ನಮ್ಮ ಕೋಲ್ಕತ್ತೆಯಲ್ಲಿಯೇ, ಜನ ಬಳಸುತ್ತಿದ್ದ ಕೆರೆಯ ನೀರಿನಲ್ಲಿ ಕಾಲರಾ ಜೀವಾಣುವನ್ನು ಗುರುತಿಸಿದಾಗ ಸ್ನೋ ಅವರ ಮಾತಿಗೆ ಮುದ್ರೆ ಬಿದ್ದಿತು.

ಸೂಕ್ಷ್ಮದರ್ಶಕದಲ್ಲಿ ಶತ್ರು ಕಾಣದಿದ್ದರೂ, ಯಾರು ಸತ್ತರು, ಯಾವ ನೀರು ಕುಡಿದಿದ್ದರು ಎಂದು ಬಾಗಿಲು ತಟ್ಟಿ ಕೇಳಿದ ಮಹನೀಯರು ಇವರು. ಮಳೆಗಾಲಕ್ಕೆ ಮುನ್ನ ನಮ್ಮ ವಸತಿ ಸಂಕೀರ್ಣದ ನೀರಿನ ತೊಟ್ಟಿಯನ್ನು ತೊಳೆಸಿದ್ದಾರೆಯೇ ಎಂದು ನಾವೂ ಒಮ್ಮೆ ವಿಚಾರಿಸಿದರೆ, ಅದೇ ಅವರಿಗೆ ನಾವು ಸಲ್ಲಿಸುವ ನಮನ.