ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ: ಇಪ್ಪತ್ತಮೂರು ವರ್ಷ ತಡವಾಗಿ ಬಂದ ಪದಕ

ನಮ್ಮ ಗದ್ದೆಗಳಿಗೆ ನಾಲೆಯಲ್ಲಿ ಹರಿದು ಬರುವ ಕಾವೇರಿ ಹುಟ್ಟುವುದು ಕೊಡಗಿನಲ್ಲಿ. ಅದೇ ಕೊಡಗು ದೇಶಕ್ಕೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಮತ್ತು ಜನರಲ್ ತಿಮ್ಮಯ್ಯ ಅವರನ್ನು ಕೊಟ್ಟಿತು. ಆ ನೆಲದ ಇನ್ನೊಬ್ಬ ವೀರ ಅಜ್ಜಮಾಡ ಬೋಪಯ್ಯ ದೇವಯ್ಯ. ಯುದ್ಧದಲ್ಲಿ ಇವರು ಮಾಡಿದ್ದೇನು ಎಂಬುದು ಬಹಳ ವರ್ಷ ನಮ್ಮ ದೇಶಕ್ಕೇ ತಿಳಿದಿರಲಿಲ್ಲ.

ದೇವಯ್ಯನವರು ಹುಟ್ಟಿದ್ದು 1932ರ ಡಿಸೆಂಬರ್ 24ರಂದು. 1954ರಲ್ಲಿ ಪೈಲಟ್ ಆಗಿ ವಾಯುಪಡೆ ಸೇರಿದರು. ಹೊಸಬರಿಗೆ ವಿಮಾನ ಹಾರಿಸಲು ಕಲಿಸುವ ಮೇಷ್ಟರೂ ಆಗಿದ್ದರು. 1965ರಲ್ಲಿ ಪಾಕಿಸ್ತಾನದೊಡನೆ ಯುದ್ಧ ನಡೆದಾಗ ಪಂಜಾಬಿನ ಆದಂಪುರ ನೆಲೆಯಲ್ಲಿ 1ನೇ ಸ್ಕ್ವಾಡ್ರನ್ನಿನಲ್ಲಿದ್ದರು. ಅಲ್ಲಿದ್ದದ್ದು ಫ್ರಾನ್ಸಿನ ಮಿಸ್ಟೇರ್ ವಿಮಾನಗಳು. ಬಾಂಬು, ರಾಕೆಟ್ಟು ಹೊತ್ತು ನೆಲದ ಗುರಿಗಳ ಮೇಲೆ ದಾಳಿ ಮಾಡುವಂಥವು.

ಸೆಪ್ಟೆಂಬರ್ 7ರ ನಸುಕಿನಲ್ಲಿ ಶತ್ರುವಿನ ಅತಿ ಮುಖ್ಯ ವಾಯುನೆಲೆಯಾದ ಸರ್ಗೋಧಾದ ಮೇಲೆ ಹನ್ನೆರಡು ವಿಮಾನಗಳು ದಾಳಿ ಮಾಡಬೇಕಿತ್ತು. ನಾಯಕರು ವಿಂಗ್ ಕಮಾಂಡರ್ ಓ. ಪಿ. ತನೇಜಾ. ದೇವಯ್ಯನವರು ಆ ಹನ್ನೆರಡು ಜನರಲ್ಲಿ ಇರಲಿಲ್ಲ. ಯಾರಾದರೂ ತಪ್ಪಿದರೆ ಇರಲಿ ಎಂದು ಕಾದಿರಿಸಿದ ಪೈಲಟ್ ಅವರು. ತೆರವಾದ ಸ್ಥಾನಕ್ಕೆ ತಾವಾಗಿ ಸೇರಿಕೊಂಡು ಹೊರಟರು.

ದಾಳಿ ಮುಗಿಸಿ ಮರಳುವಾಗ ಪಾಕಿಸ್ತಾನದ ಅಮ್ಜದ್ ಹುಸೇನ್ ಎಂಬ ಪೈಲಟ್ ಸ್ಟಾರ್‌ಫೈಟರ್ ವಿಮಾನದಲ್ಲಿ ಬೆನ್ನಟ್ಟಿದ. ಅದು ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ಅಮೆರಿಕದ ವಿಮಾನ. ಮಿಸ್ಟೇರ್‌ಗೆ ಆ ವೇಗದ ಅರ್ಧವೂ ಇರಲಿಲ್ಲ. ದೇವಯ್ಯನವರ ವಿಮಾನಕ್ಕೆ ಗುಂಡು ತಗುಲಿತು. ಕೆಲಸ ಮುಗಿಯಿತೆಂದು ಅಮ್ಜದ್ ಮುಂದೆ ಸಾಗಿದ. ಆದರೆ ಪೆಟ್ಟು ತಿಂದ ವಿಮಾನದಲ್ಲೇ ದೇವಯ್ಯ ತಿರುಗಿ ಬಿದ್ದರು. ಜೊತೆಗಾರರು ಗಡಿಯತ್ತ ಸಾಗುತ್ತಿದ್ದಾಗ ಇವರು ಒಬ್ಬರೇ ನಿಂತು ಹೋರಾಡಿ ಆ ಸ್ಟಾರ್‌ಫೈಟರನ್ನು ಹೊಡೆದುರುಳಿಸಿದರು. ಅಮ್ಜದ್ ಪ್ಯಾರಾಶೂಟಿನಲ್ಲಿ ಇಳಿದು ಬದುಕಿಕೊಂಡ. ದೇವಯ್ಯನವರು ಮರಳಲಿಲ್ಲ. ಆಗ ಅವರಿಗೆ ಇನ್ನೂ 32 ವರ್ಷ.

ಈ ಕಾಳಗವನ್ನು ನಮ್ಮವರು ಯಾರೂ ನೋಡಿರಲಿಲ್ಲ. ಹೀಗಾಗಿ ದಾಖಲೆಯಲ್ಲಿ ಉಳಿದದ್ದು ಕಾಣೆಯಾದವರು ಎಂಬ ಮಾತು ಮಾತ್ರ. ಮನೆಯಲ್ಲಿ ಪತ್ನಿ, ಇಬ್ಬರು ಪುಟ್ಟ ಹೆಣ್ಣುಮಕ್ಕಳು. ಪುಲ್ವಾಮಾದಲ್ಲಿ ಮಡಿದ ನಮ್ಮ ಗುಡಿಗೆರೆಯ ಗುರು ಅವರ ಪಾರ್ಥಿವ ಶರೀರ 2019ರಲ್ಲಿ ಊರಿಗೆ ಬಂದಾಗ ಮದ್ದೂರು ಸೀಮೆಯೇ ಸೇರಿತ್ತು. ಕೊನೆಯ ವಿದಾಯ ಹೇಳಿ ಅಳುವ ಆ ಅವಕಾಶವೂ ದೇವಯ್ಯನವರ ಮನೆಯವರಿಗೆ ಸಿಗಲಿಲ್ಲ. ಅವರನ್ನು ಅಲ್ಲಿನ ಹಳ್ಳಿಗರೇ ಹೊಲದಲ್ಲಿ ಮಣ್ಣು ಮಾಡಿದ್ದರೆಂಬುದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ನಿಜ ಹೊರಬಂದದ್ದೂ ಎದುರಾಳಿಯ ಕಡೆಯಿಂದಲೇ. ಪಾಕಿಸ್ತಾನದ ವಾಯುಪಡೆಯ ಪರವಾಗಿ ಬರೆದ ಜಾನ್ ಫ್ರಿಕರ್ ಎಂಬ ಇಂಗ್ಲಿಷ್ ಲೇಖಕರ 1979ರ ಪುಸ್ತಕದಲ್ಲಿ, ಸ್ಟಾರ್‌ಫೈಟರನ್ನು ಉರುಳಿಸಿದ್ದು ಒಂದು ಮಿಸ್ಟೇರ್ ಎಂದಿತ್ತು. ಅಂದು ಹಿಂದಿರುಗದ ಮಿಸ್ಟೇರ್ ಯಾರದೆಂಬುದು ತನೇಜಾ ಅವರಿಗೆ ಗೊತ್ತಿತ್ತು. ಅವರು ಸುಮ್ಮನಿರದೆ ಸರ್ಕಾರಕ್ಕೆ ಪತ್ರ ಬರೆದರು. ಕೊನೆಗೆ 1988ರಲ್ಲಿ ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ ಸಂದಿತು. ಪರಮವೀರ ಚಕ್ರದ ನಂತರದ ದೊಡ್ಡ ಯುದ್ಧ ಪದಕ ಅದು. ಪತ್ನಿ ಅದನ್ನು ಸ್ವೀಕರಿಸಿದರು. ಇಂದು ಮಡಿಕೇರಿಯ ವೃತ್ತವೊಂದಕ್ಕೆ ದೇವಯ್ಯನವರ ಹೆಸರಿದೆ. 2025ರಲ್ಲಿ ಬಂದ ಸ್ಕೈ ಫೋರ್ಸ್ ಎಂಬ ಹಿಂದಿ ಚಿತ್ರಕ್ಕೂ ಈ ಘಟನೆಯೇ ಪ್ರೇರಣೆ.

ನಾನಿರುವ ಸಾಫ್ಟ್‌ವೇರ್ ಕೆಲಸದಲ್ಲಿ ಯಂತ್ರ ಮಾಡಿದ ಪ್ರತಿಯೊಂದು ಕೆಲಸವೂ ತಾನಾಗಿ ದಾಖಲಾಗುತ್ತದೆ. ಮನುಷ್ಯರ ವಿಷಯ ಹಾಗಲ್ಲ, ಯಾರಾದರೂ ನೆನೆದು ಬರೆದರಷ್ಟೇ ಉಳಿಯುತ್ತದೆ. ಯಾರೂ ನೋಡದಿದ್ದಾಗಲೂ ಕರ್ತವ್ಯ ಮಾಡಿದವರು ದೇವಯ್ಯ. ಜೊತೆಗಾರನನ್ನು ಮರೆಯದೆ ನ್ಯಾಯ ಕೊಡಿಸಿದವರು ತನೇಜಾ. ನಮ್ಮ ಶಾಲೆಯ ಮಕ್ಕಳು ಇಬ್ಬರಿಂದಲೂ ಕಲಿಯುವುದಿದೆ. ಮಂಡ್ಯ, ಮದ್ದೂರು, ಮಳವಳ್ಳಿಯ ಹಳ್ಳಿಗಳಲ್ಲೂ ಸೇನೆಯಲ್ಲಿ ದುಡಿದು ಬಂದ ಹಿರಿಯರಿದ್ದಾರೆ. ಅವರ ಬಳಿ ಕೂತು, ಕೇಳಿ, ಅವರಿರುವಾಗಲೇ ಬರೆದಿಡೋಣ. ಸುವರ್ಣ ಮಹೋತ್ಸವದ ಈ ವರ್ಷದಿಂದಲೇ ಆ ಕೆಲಸ ಶುರುವಾಗಲಿ.