ಕರ್ಟ್ ಟ್ಯಾಂಕ್: ಪೆಟ್ಟು ತಿಂದರೂ ಮನೆಗೆ ಮರಳುವ ವಿಮಾನ ಕಟ್ಟಿದವರು

ಬೆಂಗಳೂರಿಗೆ ಶೈಕ್ಷಣಿಕ ಪ್ರವಾಸ ಹೋದ ಶಾಲಾ ಮಕ್ಕಳಲ್ಲಿ ಹಲವರು ಎಚ್.ಎ.ಎಲ್. ವಸ್ತುಸಂಗ್ರಹಾಲಯದಲ್ಲಿ ಮಾರುತ್ ಎಂಬ ಯುದ್ಧವಿಮಾನವನ್ನು ನೋಡಿರುತ್ತಾರೆ. ಚೂಪಾದ ಮೂತಿ, ಹಿಂದಕ್ಕೆ ಬಾಗಿದ ರೆಕ್ಕೆಗಳು, ಹಿಂಭಾಗದಲ್ಲಿ ಅಕ್ಕಪಕ್ಕ ಎರಡು ಎಂಜಿನ್‌ಗಳು. ಭಾರತದಲ್ಲೇ ವಿನ್ಯಾಸಗೊಂಡು ಭಾರತದಲ್ಲೇ ತಯಾರಾದ ಮೊದಲ ಜೆಟ್ ಯುದ್ಧವಿಮಾನ ಅದು. ಅದರ ವಿನ್ಯಾಸ ತಂಡದ ಮುಖ್ಯಸ್ಥರಾಗಿದ್ದವರು ಜರ್ಮನಿಯ ಕರ್ಟ್ ಟ್ಯಾಂಕ್. ಎರಡನೆಯ ಮಹಾಯುದ್ಧದ ಹೆಸರಾಂತ ಯುದ್ಧವಿಮಾನವೊಂದನ್ನು ರೂಪಿಸಿ, ಸೋತ ದೇಶದಿಂದ ಹೊರಬಿದ್ದು, ಅರ್ಜೆಂಟೀನಾದ ದಾರಿ ಹಿಡಿದು, ಕೊನೆಗೆ ನಮ್ಮ ಬೆಂಗಳೂರಿಗೆ ಬಂದು ಹನ್ನೊಂದು ವರ್ಷ ದುಡಿದ ಎಂಜಿನಿಯರ್ ಅವರು. ಅವರ ಬದುಕಿನಲ್ಲಿ ಮೆಚ್ಚಬೇಕಾದದ್ದೂ ಇದೆ, ನಿಂತು ಯೋಚಿಸಬೇಕಾದದ್ದೂ ಇದೆ.

ಕರ್ಟ್ ಟ್ಯಾಂಕ್ ಹುಟ್ಟಿದ್ದು 1898ರ ಫೆಬ್ರವರಿ 24ರಂದು, ಆಗ ಜರ್ಮನಿಗೆ ಸೇರಿದ್ದ ಬ್ರೊಂಬರ್ಗ್ ಪಟ್ಟಣದಲ್ಲಿ. ಈಗ ಆ ಊರು ಪೋಲೆಂಡ್ ದೇಶದಲ್ಲಿದೆ. ಮೊದಲನೆಯ ಮಹಾಯುದ್ಧ ಬಂದಾಗ ಹುಡುಗನಿಗೆ ವಿಮಾನದಳ ಸೇರುವ ಆಸೆ. ಆದರೆ ಮನೆತನದ ಪದ್ಧತಿಯಂತೆ ಕುದುರೆ ಸೇನೆಗೇ ಸೇರಬೇಕಾಯಿತು. ಯುದ್ಧ ಮುಗಿದ ಮೇಲೆ ಬರ್ಲಿನ್ನಿನ ತಾಂತ್ರಿಕ ವಿದ್ಯಾಲಯದಲ್ಲಿ ಓದಿ ಎಂಜಿನಿಯರ್ ಆದರು. ಅಲ್ಲಿ ಸಹಪಾಠಿಗಳನ್ನು ಕಟ್ಟಿಕೊಂಡು ಎಂಜಿನ್ ಇಲ್ಲದ ಗ್ಲೈಡರ್‌ಗಳನ್ನು ತಯಾರಿಸಿ ಹಾರಿಸುವ ವಿದ್ಯಾರ್ಥಿ ಸಂಘವನ್ನು ಆರಂಭಿಸಿದವರಲ್ಲಿ ಅವರೂ ಒಬ್ಬರು. ಹಲವು ಕಾರ್ಖಾನೆಗಳಲ್ಲಿ ದುಡಿದು, 1931ರ ಹೊತ್ತಿಗೆ ಬ್ರೆಮೆನ್ ನಗರದ ಫೋಕೆ-ವುಲ್ಫ್ ಕಂಪನಿ ಸೇರಿ, ಅಲ್ಲಿನ ವಿನ್ಯಾಸ ವಿಭಾಗದ ಹೊಣೆ ಹೊತ್ತರು.

ಅವರಲ್ಲಿ ಒಂದು ವಿಶೇಷ ಗುಣವಿತ್ತು. ತಾವು ನಕ್ಷೆ ಬರೆದ ವಿಮಾನವನ್ನು ತಾವೇ ಹಾರಿಸಿ ನೋಡುತ್ತಿದ್ದರು. ನಾಲ್ಕು ಎಂಜಿನ್‌ಗಳ ಕಾಂಡೋರ್ ಎಂಬ ದೊಡ್ಡ ಪ್ರಯಾಣಿಕ ವಿಮಾನ 1937ರಲ್ಲಿ ಮೊದಲ ಸಲ ಮೇಲೇರಿದಾಗ ಅದನ್ನು ನಡೆಸಿದವರು ಟ್ಯಾಂಕ್ ಅವರೇ. ಮರುವರ್ಷ ಆಗಸ್ಟ್‌ನಲ್ಲಿ ಅದೇ ಮಾದರಿಯ ವಿಮಾನ ಬರ್ಲಿನ್ನಿನಿಂದ ನ್ಯೂಯಾರ್ಕ್‌ಗೆ ಎಲ್ಲೂ ಇಳಿಯದೆ ಸುಮಾರು 25 ಗಂಟೆಯಲ್ಲಿ ಹಾರಿ ಜಗತ್ತನ್ನು ಬೆರಗುಗೊಳಿಸಿತು. ಮುಂದೆ ಅದೇ ವಿಮಾನ ಟೋಕಿಯೋಗೂ ಹೋಯಿತು. ಆದರೆ ಮರಳುವ ದಾರಿಯಲ್ಲಿ, 1938ರ ಡಿಸೆಂಬರ್‌ನಲ್ಲಿ, ಮನಿಲಾದ ಹತ್ತಿರ ಬರುವಾಗ ಎಂಜಿನ್‌ಗಳಿಗೆ ಇಂಧನ ಸಿಗದಾಯಿತು. ಪೈಲಟ್ ವಿಮಾನವನ್ನು ದಡದ ಬಳಿಯ ನೀರಿನ ಮೇಲೇ ಇಳಿಸಿದರು. ವಿಮಾನ ಕೈಬಿಟ್ಟರೂ ಒಳಗಿದ್ದವರೆಲ್ಲರೂ ಬದುಕಿದರು.

ಅದೇ ವರ್ಷಗಳಲ್ಲಿ ಜರ್ಮನಿಯ ವಾಯುಸೇನೆ ಹೊಸ ಯುದ್ಧವಿಮಾನವೊಂದನ್ನು ಕೇಳಿತು. ಆ ಕಾಲದ ಹೆಸರುವಾಸಿ ಯುದ್ಧವಿಮಾನಗಳಾದ ಬ್ರಿಟನ್ನಿನ ಸ್ಪಿಟ್‌ಫೈರ್ ಮತ್ತು ಜರ್ಮನಿಯ ಮೆಸರ್‌ಸ್ಮಿಟ್ 109 ಬಲು ಚುರುಕಾದವು, ಅಷ್ಟೇ ಸೂಕ್ಷ್ಮವಾದವು. ಟ್ಯಾಂಕ್ ಅವರಿಗೆ ಕುದುರೆ ಸೇನೆಯಲ್ಲಿ ಕಳೆದ ದಿನಗಳು ನೆನಪಿದ್ದವು. ಪಂದ್ಯದಲ್ಲಿ ಓಡುವ ಕುದುರೆ ಬೇರೆ. ಕೆಸರು, ಚಳಿ, ಅರೆಹೊಟ್ಟೆ, ಗಾಯ ಎಲ್ಲವನ್ನೂ ತಾಳಿಕೊಂಡು ಸವಾರನನ್ನು ಹೊತ್ತು ತರುವ ಸೇನೆಯ ಕುದುರೆ ಬೇರೆ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಜಾತ್ರೆಗೆ ಸಿಂಗರಿಸಿದ ಹೋರಿ ಬೇರೆ, ಹೊಲ ಉಳುವ ಎತ್ತು ಬೇರೆ. ಟ್ಯಾಂಕ್ ಅವರು ಕಟ್ಟಲು ಹೊರಟದ್ದು ಎರಡನೆಯದನ್ನು.

ಹೀಗೆ ರೂಪುಗೊಂಡ ಫೋಕೆ-ವುಲ್ಫ್ 190 ವಿಮಾನ 1939ರ ಜೂನ್ 1ರಂದು ಮೊದಲ ಬಾರಿ ಹಾರಿತು. ಮೊದಮೊದಲು ಎಂಜಿನ್ನಿನ ಕಾವು ಪೈಲಟನ ಕಾಲಿಗೆ ತಟ್ಟುವಷ್ಟು ತೊಂದರೆಯಿತ್ತು. ಬೇರೆ ಎಂಜಿನ್ ಹಾಕಿ, ಪೈಲಟ್ ಕೂರುವ ಜಾಗವನ್ನು ಹಿಂದಕ್ಕೆ ಸರಿಸಿ ಅದನ್ನು ಸರಿಪಡಿಸಿದರು. ಅದರ ಗಟ್ಟಿತನದ ಗುಟ್ಟು ಮೂರು. ಮೊದಲನೆಯದು ಎಂಜಿನ್. ನೀರಿನಿಂದ ತಣಿಯುವ ಎಂಜಿನ್ನಿನ ರೇಡಿಯೇಟರಿಗೆ ಒಂದು ಗುಂಡು ತಗಲಿದರೆ ನೀರು ಸೋರಿ, ಕೆಲವೇ ನಿಮಿಷಗಳಲ್ಲಿ ಎಂಜಿನ್ ಬಿಗಿದು ನಿಲ್ಲುತ್ತದೆ. ಇದರ ಎಂಜಿನ್ ಗಾಳಿಯಿಂದಲೇ ತಣಿಯುವಂಥದ್ದು. ಪೆಟ್ಟು ತಿಂದರೂ ಓಡುತ್ತಿತ್ತು. ಎರಡನೆಯದು ಚಕ್ರಗಳು. ಅಗಲವಾದ ಗಾಡಿ ಹಳ್ಳದಲ್ಲಿ ಮಗುಚುವುದಿಲ್ಲ. ಹಾಗೆಯೇ ಇದರ ಎರಡು ಚಕ್ರಗಳ ನಡುವೆ ಅಗಲ ಬಿಟ್ಟಿದ್ದರಿಂದ ಉಬ್ಬುತಗ್ಗಿನ ಬಯಲಿನಲ್ಲಿಯೂ ಇಳಿಯಬಹುದಾಗಿತ್ತು. ಮೂರನೆಯದು ರಿಪೇರಿಯ ಸುಲಭ. ಯುದ್ಧಭೂಮಿಯ ಹತ್ತಿರದ ಬಯಲಿನಲ್ಲಿ, ಸಾಮಾನ್ಯ ಸಲಕರಣೆಗಳಿಂದ, ಮೆಕ್ಯಾನಿಕ್‌ಗಳು ಬೇಗ ಕೆಲಸ ಮುಗಿಸಬೇಕೆಂಬ ಲೆಕ್ಕದಲ್ಲೇ ಅದರ ಭಾಗಗಳನ್ನು ಜೋಡಿಸಲಾಗಿತ್ತು.

1941ರಲ್ಲಿ ಈ ವಿಮಾನ ಯುದ್ಧಕ್ಕಿಳಿದಾಗ ಬ್ರಿಟನ್ನಿನ ಪೈಲಟ್‌ಗಳು ತತ್ತರಿಸಿದರು. 1942ರ ಜೂನ್‌ನಲ್ಲಿ ದಾರಿ ತಪ್ಪಿದ ಜರ್ಮನ್ ಪೈಲಟನೊಬ್ಬ ಜರ್ಮನಿಯ ವಶದಲ್ಲಿದ್ದ ಫ್ರಾನ್ಸ್ ಎಂದು ಭಾವಿಸಿ ಬ್ರಿಟನ್ನಿನ ವೇಲ್ಸ್ ಪ್ರಾಂತದ ಪೆಂಬ್ರಿ ನಿಲ್ದಾಣದಲ್ಲಿ ಇಳಿದುಬಿಟ್ಟ. ಅನಾಯಾಸವಾಗಿ ಕೈಗೆ ಸಿಕ್ಕ ವಿಮಾನವನ್ನು ಬ್ರಿಟಿಷರು ಬಿಚ್ಚಿ, ಹಾರಿಸಿ, ಅದರ ಬಲ ಮತ್ತು ದೌರ್ಬಲ್ಯಗಳನ್ನು ಕಲಿತರು. ಯುದ್ಧ ಮುಗಿಯುವಷ್ಟರಲ್ಲಿ ಈ ಮಾದರಿಯ ಸುಮಾರು 20,000 ವಿಮಾನಗಳು ತಯಾರಾಗಿದ್ದವು.

ಅವುಗಳಲ್ಲಿ ಒಂದರ ಕಥೆ ಇಲ್ಲಿ ಹೇಳಲೇಬೇಕು. 1943ರ ಜುಲೈ 19ರಂದು ರಷ್ಯಾದ ಲೆನಿನ್‌ಗ್ರಾಡ್ ನಗರದ ಪೂರ್ವಕ್ಕೆ ಹಾರುತ್ತಿದ್ದ ಒಂದು ಫೋಕೆ-ವುಲ್ಫ್ 190ರ ಎಂಜಿನ್ ಕೈಕೊಟ್ಟಿತು. ಕೆಳಗೆ ಕಾಡು. ಇಂಥ ಹೊತ್ತಿನಲ್ಲಿ ಪೈಲಟ್ ಚಕ್ರಗಳನ್ನು ಹೊರಗೆ ಬಿಡುವುದಿಲ್ಲ. ಮೆತ್ತನೆಯ ನೆಲದಲ್ಲಿ ಚಕ್ರ ಹೂತರೆ ವಿಮಾನ ಮುಂದಕ್ಕೆ ಪಲ್ಟಿ ಹೊಡೆಯುತ್ತದೆ. ವೇಗ ಇಳಿಸಿ, ಹೊಟ್ಟೆಯ ಮೇಲೆ ಜಾರಿಸಿ ನಿಲ್ಲಿಸುವುದೇ ಕ್ರಮ. ಆ ಪೈಲಟ್ ಮಾಡಿದ್ದೂ ಅದನ್ನೇ. ಎಳೆಯ ಮರಗಳ ನಡುವೆ ವಿಮಾನ ಜಾರಿ ನಿಂತಿತು. ಅವನು ಜೀವಂತವಾಗಿ ಹೊರಬಂದು, ಸೆರೆಸಿಕ್ಕಿ, ವರ್ಷಗಳ ಬಳಿಕ ಊರು ಸೇರಿದ. ಮರಗಳು ಬೆಳೆದು ವಿಮಾನವನ್ನು ಮರೆಮಾಡಿದವು. 1989ರಲ್ಲಿ ಅದು ಬಹುಮಟ್ಟಿಗೆ ಇದ್ದ ಹಾಗೆಯೇ ಪತ್ತೆಯಾಯಿತು. ಕಾಡಿನಿಂದ ಎತ್ತಿ ತಂದು, ಬ್ರಿಟನ್ ಮತ್ತು ಅಮೆರಿಕದ ಕುಶಲಕರ್ಮಿಗಳು ವರ್ಷಗಟ್ಟಲೆ ದುಡಿದು, ಅದರ ಮೂಲ ಎಂಜಿನ್ ಮಾದರಿಯೊಂದಿಗೇ 2010ರಲ್ಲಿ ಮತ್ತೆ ಹಾರಿಸಿದರು.

ಆ ಎಂಜಿನ್ ಏಕೆ ನಿಂತಿತು ಎಂಬ ಪ್ರಶ್ನೆಯೂ ರಿಪೇರಿಯ ಹೊತ್ತಿನಲ್ಲಿ ಎದ್ದಿತು. ಎಣ್ಣೆ ಹರಿಯುವ ದಾರಿಯಲ್ಲಿ ಯಾರೋ ಬೇಕೆಂದೇ ಅಡ್ಡಿ ಮಾಡಿರಬಹುದು ಎಂಬ ಅನುಮಾನ ಹುಟ್ಟಿತು. ಈ ಅನುಮಾನಕ್ಕೆ ಹಿನ್ನೆಲೆಯಿದೆ. ಹಿಟ್ಲರನ ಜರ್ಮನಿಯ ವಿಮಾನ ಕಾರ್ಖಾನೆಗಳಲ್ಲಿ, ಫೋಕೆ-ವುಲ್ಫ್ ಕೂಡ ಸೇರಿದಂತೆ, ಗೆದ್ದ ದೇಶಗಳಿಂದ ಹಿಡಿದು ತಂದ ಜನರನ್ನು ಬಲವಂತವಾಗಿ ದುಡಿಸಿಕೊಳ್ಳುತ್ತಿದ್ದರು. ಟ್ಯಾಂಕ್ ಅವರ ಅಪಾರ ಪ್ರತಿಭೆ ಸೇವೆ ಸಲ್ಲಿಸಿದ್ದು ಅಂಥ ಆಡಳಿತಕ್ಕೆ. ಪೈಲಟ್ ಬದುಕಿ ಬರಲಿ ಎಂದು ಇಷ್ಟು ಕಾಳಜಿಯಿಂದ ಕಟ್ಟಿದ ವಿಮಾನ, ಲಕ್ಷಾಂತರ ನಿರಪರಾಧಿಗಳನ್ನು ಕೊಂದ ಸರ್ಕಾರದ ಕೈಯ ಆಯುಧವೂ ಆಗಿತ್ತು. ವಿದ್ಯೆಗೆ ತಾನು ಯಾರಿಗೆ ದುಡಿಯುತ್ತಿದ್ದೇನೆ ಎಂಬುದು ಗೊತ್ತಾಗುವುದಿಲ್ಲ, ವಿದ್ಯಾವಂತನಿಗೆ ಗೊತ್ತಿರಬೇಕು. ಅವರ ಜೀವನವನ್ನು ಹೇಳುವಾಗ ಈ ಮಾತನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಯುದ್ಧ ಸೋತ ಜರ್ಮನಿಯಲ್ಲಿ ವಿಮಾನ ಕಟ್ಟುವುದಕ್ಕೇ ನಿಷೇಧ ಬಂತು. 1947ರಲ್ಲಿ ಟ್ಯಾಂಕ್ ಬೇರೆ ಹೆಸರಿನ ಕಾಗದಪತ್ರ ಹಿಡಿದು ಅರ್ಜೆಂಟೀನಾಕ್ಕೆ ಹೋದರು. ಅಲ್ಲಿನ ಕೊರ್ಡೊಬಾ ನಗರದಲ್ಲಿ ಪುಲ್ಕಿ-2 ಎಂಬ ಜೆಟ್ ವಿಮಾನವನ್ನು ರೂಪಿಸಿದರು. 1951ರಲ್ಲಿ ಅಧ್ಯಕ್ಷ ಪೆರೋನ್ ಎದುರು ಅದನ್ನು ತಾವೇ ಹಾರಿಸಿ ತೋರಿಸಿದರು. ಆಗ ಅವರಿಗೆ ಸುಮಾರು 53 ವರ್ಷ. 1955ರಲ್ಲಿ ಪೆರೋನ್ ಸರ್ಕಾರ ಉರುಳಿತು, ಕೆಲಸಕ್ಕೆ ನೆಲೆ ತಪ್ಪಿತು.

ಆಗ ಕರೆದದ್ದು ಭಾರತ. 1956ರಲ್ಲಿ ತಮ್ಮ ಜರ್ಮನ್ ಸಹೋದ್ಯೋಗಿಗಳೊಂದಿಗೆ ಟ್ಯಾಂಕ್ ಬೆಂಗಳೂರಿಗೆ ಬಂದರು. ಮೈಸೂರು ಸಂಸ್ಥಾನದ ನೆರವಿನಿಂದ ವಾಲ್‌ಚಂದ್ ಹೀರಾಚಂದ್ ಅವರು 1940ರಲ್ಲಿ ಆರಂಭಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಆಗ ಸರ್ಕಾರದ ಕೈಯಲ್ಲಿತ್ತು. ಯುದ್ಧಕಾಲದಲ್ಲಿ ಮಿತ್ರಪಡೆಗಳ ವಿಮಾನಗಳನ್ನು ದುರಸ್ತಿ ಮಾಡಿಕೊಟ್ಟಿದ್ದ ಅದೇ ಕಾರ್ಖಾನೆಗೆ, ಎದುರು ಪಕ್ಷದ ವಿಮಾನ ಕಟ್ಟಿದವರು ಗುರುವಾಗಿ ಬಂದದ್ದು ಕಾಲದ ಆಟ. ಡಾ. ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ಎಚ್.ಟಿ.-2 ಎಂಬ ತರಬೇತಿ ವಿಮಾನವನ್ನು ನಮ್ಮವರು ಆಗಲೇ ಕಟ್ಟಿದ್ದರು. ಆದರೆ ಜೆಟ್ ಯುದ್ಧವಿಮಾನಕ್ಕೆ ಬೇಕಾದ ಪರೀಕ್ಷಾ ಸಲಕರಣೆ, ಅನುಭವ ಎಲ್ಲವನ್ನೂ ಹೊಸದಾಗಿ ಬೆಳೆಸಬೇಕಿತ್ತು.

ಟ್ಯಾಂಕ್ ಇಲ್ಲಿಯೂ ಅವಸರ ಮಾಡಲಿಲ್ಲ. ಮಾರುತ್‌ನ ಪೂರ್ಣ ಗಾತ್ರದ, ಎಂಜಿನ್ ಇಲ್ಲದ ಮರದ ಗ್ಲೈಡರ್ ಒಂದನ್ನು ಮಾಡಿಸಿ, ಡಕೋಟಾ ವಿಮಾನದಿಂದ ಎಳೆಸಿ ಮೇಲೇರಿಸಿ ಬಿಟ್ಟು, ಅದು ಹೇಗೆ ತೇಲುತ್ತದೆ, ಹೇಗೆ ಇಳಿಯುತ್ತದೆ ಎಂದು 78 ಬಾರಿ ಪರೀಕ್ಷಿಸಲಾಯಿತು. ಆಮೇಲೆ 1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ಅವರು ನಿಜವಾದ ಮಾರುತ್ ಅನ್ನು ಬೆಂಗಳೂರಿನ ಆಕಾಶಕ್ಕೆ ಕೊಂಡೊಯ್ದರು.

ಆದರೆ ಕನಸು ಪೂರ್ತಿ ನನಸಾಗಲಿಲ್ಲ. ವಿನ್ಯಾಸಕ್ಕೆ ತಕ್ಕ ಶಕ್ತಿಯುಳ್ಳ ಎಂಜಿನ್ ದೊರೆಯಲೇ ಇಲ್ಲ. ಶಬ್ದದ ವೇಗವನ್ನು ಸಾಕಷ್ಟು ಮೀರಬೇಕಿದ್ದ ವಿಮಾನ ಕಡಿಮೆ ಶಕ್ತಿಯ ಆರ್ಫಿಯಸ್ ಎಂಜಿನ್‌ಗಳಲ್ಲೇ ತೃಪ್ತಿಪಡಬೇಕಾಯಿತು. ಹೆಚ್ಚು ಶಕ್ತಿ ಪಡೆಯುವ ಪ್ರಯತ್ನದ ನಡುವೆ, 1970ರ ಜನವರಿಯಲ್ಲಿ, ಪರೀಕ್ಷಾ ಹಾರಾಟದ ಅಪಘಾತದಲ್ಲಿ ಸುರಂಜನ್ ದಾಸ್ ಮಡಿದರು. ಬೆಂಗಳೂರಿನ ಸುರಂಜನ್ ದಾಸ್ ರಸ್ತೆಯಲ್ಲಿ ದಿನವೂ ಓಡಾಡುವ ಎಷ್ಟೋ ಜನರಿಗೆ ಆ ಹೆಸರು ಯಾರದೆಂದು ತಿಳಿದಿರಲಾರದು.

ಕೊರತೆಗಳಿದ್ದರೂ ಟ್ಯಾಂಕ್ ಅವರ ಹಳೆಯ ತತ್ವ ಮಾರುತ್‌ನಲ್ಲಿ ಉಳಿದಿತ್ತು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಾಚೆ ತೀರ ಕೆಳಮಟ್ಟದಲ್ಲಿ ಹಾರಿ ದಾಳಿ ಮಾಡಿದ ಮಾರುತ್‌ಗಳಿಗೆ ನೆಲದಿಂದ ಗುಂಡಿನ ಮಳೆ ಸುರಿಯಿತು. ಒಂದು ಎಂಜಿನ್ ಕಳೆದುಕೊಂಡ ವಿಮಾನಗಳು ಉಳಿದೊಂದರ ಬಲದಿಂದಲೇ ನೆಲೆಗೆ ಮರಳಿ ಇಳಿದದ್ದು ಒಂದಕ್ಕಿಂತ ಹೆಚ್ಚು ಬಾರಿ. ಬ್ರೆಮೆನ್ನಿನಲ್ಲಿ ಆರಂಭವಾದ ಆಲೋಚನೆ ಹೀಗೆ ನಮ್ಮ ಪೈಲಟ್‌ಗಳ ಜೀವ ಕಾಯಿತು. ಒಟ್ಟು 147 ಮಾರುತ್‌ಗಳು ತಯಾರಾದವು. ಟ್ಯಾಂಕ್ 1967ರಲ್ಲಿ ಜರ್ಮನಿಗೆ ಮರಳಿ, 1983ರ ಜೂನ್ 5ರಂದು ಮ್ಯೂನಿಕ್‌ನಲ್ಲಿ ತೀರಿಕೊಂಡರು. ಮಾರುತ್ ಒಂದು ಇಂದು ಅದೇ ಮ್ಯೂನಿಕ್ ಬಳಿಯ ವಿಮಾನ ವಸ್ತುಸಂಗ್ರಹಾಲಯದಲ್ಲಿದೆ.

ಹಳೆಯ ಯುದ್ಧವಿಮಾನವನ್ನು ಕಾಪಾಡುವುದು ಸುಲಭವಲ್ಲ. 1942ರ ಫೆಬ್ರವರಿಯಲ್ಲಿ ನಾರ್ವೆಯ ಕಡಲತೋಳಿನಲ್ಲಿ ತುರ್ತಾಗಿ ಇಳಿದು ಮುಳುಗಿದ್ದ ಟ್ಯಾಂಕ್ ಅವರ ಕಾಂಡೋರ್ ಒಂದನ್ನು 1999ರಲ್ಲಿ ಮೇಲೆತ್ತಿದರು. ಉಪ್ಪುನೀರು ತಿಂದ ಅಲ್ಯೂಮಿನಿಯಂ ಭಾರ ತಾಳದೆ ಎತ್ತುವಾಗಲೇ ಮುರಿಯಿತು. ಕೈಬಿಡದೆ, ನಿವೃತ್ತ ಕೆಲಸಗಾರರೂ ಸೇರಿ, ಚೂರುಗಳನ್ನು ಜೋಡಿಸುತ್ತಾ ಇಪ್ಪತ್ತಕ್ಕೂ ಹೆಚ್ಚು ವರ್ಷ ದುಡಿದು ಅದಕ್ಕೆ ಮತ್ತೆ ರೂಪ ಕೊಟ್ಟರು. ಇಷ್ಟು ಪಾಡು ಯುದ್ಧವನ್ನು ಹೊಗಳುವುದಕ್ಕಲ್ಲ. ಯಾವ ಕೈಗಳು ಇದನ್ನು ಕಟ್ಟಿದವು, ಯಾರು ಇದರಲ್ಲಿ ಸತ್ತರು, ಯಾರು ಬದುಕಿ ಬಂದರು ಎಂಬುದನ್ನು ಮುಂದಿನವರು ಕಣ್ಣಾರೆ ಕಂಡು ಕೇಳಬೇಕು ಎಂಬುದಕ್ಕೆ.

ಸುವರ್ಣ ಮಹೋತ್ಸವದ ಈ ಹೊತ್ತಿನಲ್ಲಿ ನಮ್ಮ ಶಾಲೆಯ ಮಕ್ಕಳು ಟ್ಯಾಂಕ್ ಅವರ ಬದುಕಿನಿಂದ ಎರಡು ಮಾತು ಕಲಿಯಬಹುದು. ಏನನ್ನೇ ಕಟ್ಟಿದರೂ ಎಲ್ಲವೂ ಸರಿಯಿರುವ ದಿನಕ್ಕಾಗಿ ಮಾತ್ರ ಕಟ್ಟಬಾರದು, ಕೆಟ್ಟ ದಿನವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಕಟ್ಟಬೇಕು. ಕಲಿತ ವಿದ್ಯೆಯನ್ನು ಯಾರ ಕೈಗೆ ಕೊಡುತ್ತಿದ್ದೇವೆ ಎಂಬುದನ್ನೂ ನೋಡಿಕೊಳ್ಳಬೇಕು.